ಹಸಿರು ಗುರುತು ನಂಬುವ ಮುನ್ನ: ವಿಎಂ ಟೆಸ್ಟ್ ಸ್ಕ್ರಿಪ್ಟ್ ರಿವ್ಯೂ ಮಾಡುವುದು ಹೇಗೆ?

ಕ್ಯೂಎಮುನಂಥ ವರ್ಚುವಲ್ ಮೆಷಿನ್ ಸಾಫ್ಟ್‌ವೇರನ್ನು ಕಂಟೇನರ್‌ನೊಳಗೆ ತಾನಾಗೇ ಪರೀಕ್ಷಿಸುವ ಸ್ಕ್ರಿಪ್ಟ್ ರಿವ್ಯೂಗೆ ಬಂದರೆ, ಹೆಚ್ಚಿನವರು ಕಣ್ಣಾಡಿಸಿ, ಹಸಿರು ಗುರುತು ನೋಡಿ ಒಪ್ಪಿಗೆ ಕೊಟ್ಟುಬಿಡುತ್ತಾರೆ. ಗೆಸ್ಟ್ (ವರ್ಚುವಲ್ ಮೆಷಿನ್ ಒಳಗೆ ಓಡುವ ಓಎಸ್) ಬೂಟೇ ಆಗದೆ ತಿಂಗಳುಗಟ್ಟಲೆ 'ಪಾಸ್' ಆಗುತ್ತಿದ್ದ ಸ್ಕ್ರಿಪ್ಟನ್ನು ನಾನೇ ನೋಡಿದ್ದೇನೆ.

ಮೊದಲು ಕಂಟೇನರ್ ಇಮೇಜ್. 'ಲೇಟೆಸ್ಟ್' ಟ್ಯಾಗ್ ಇದ್ದರೆ ವಾಪಸ್ ಕಳಿಸಿ, ಅದರ ಹಿಂದಿನ ಇಮೇಜ್ ಬದಲಾಗಬಹುದು; ಒಂದೇ ಇಮೇಜನ್ನು ಗುರುತಿಸುವ ಡೈಜೆಸ್ಟ್ ಕೇಳಿ.

ಆಮೇಲೆ ಕೆವಿಎಂ, ಅಂದರೆ ಪ್ರೊಸೆಸರ್ ನೆರವಿನಿಂದ ವಿಎಂ ವೇಗವಾಗಿ ಓಡಿಸುವ ಲಿನಕ್ಸ್ ಸೌಲಭ್ಯ. '/ಡೆವ್/ಕೆವಿಎಂ' ಒಂದನ್ನೇ ಕಂಟೇನರ್‌ಗೆ ಕೊಟ್ಟರೆ ಸಾಕು. ಪರ್ಮಿಷನ್ ತಾಪತ್ರಯ ಬೇಡವೆಂದು ಸುಮ್ನೆ 'ಪ್ರಿವಿಲೇಜ್ಡ್' ಹಾಕುವವರು ಜಾಸ್ತಿ. ಹೋಸ್ಟ್‌ನ ಎಲ್ಲ ಡಿವೈಸ್‌ಗಳೂ ಒಳಗೆ ತೆರೆದುಕೊಳ್ಳುತ್ತವೆ, ಒಪ್ಪಲೇಬೇಡಿ. ಕೆವಿಎಂ ಸಿಗದಿದ್ದರೆ ಟಿಸಿಜಿಗೆ (ಪ್ರೊಸೆಸರನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಕ್ಯೂಎಮುವಿನ ನಿಧಾನದ ದಾರಿ) ಇಳಿಯುವಂತೆ ಬರೆದಿದ್ದರೂ ಎಚ್ಚರ. ಟೆಸ್ಟ್ ನಿಧಾನವಾಗಿ ಪಾಸಾಗುತ್ತದೆ, ಕೆವಿಎಂ ಮಾತ್ರ ಪರೀಕ್ಷೆಯೇ ಆಗಿರುವುದಿಲ್ಲ. ಯಾವುದು ಓಡಿತೆಂದು ಲಾಗ್ ಹೇಳಬೇಕು.

ಇನ್ನು ಎಕ್ಸಿಟ್ ಕೋಡ್, ಅಂದರೆ ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ; ಸಾಮಾನ್ಯವಾಗಿ 0 ಅಂದರೆ ಗೆಲುವು. ಜನ ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಕ್ಯೂಎಮುವಿನ ಔಟ್‌ಪುಟ್ಟನ್ನು ಪೈಪ್ ಮಾಡಿ ಅದನ್ನು ಫೈಲಿಗೂ ಬರೆಯುವ 'ಟೀ' ಕಮಾಂಡಿಗೆ ಕೊಟ್ಟಿದ್ದಾರಾ? ಆಗ ಬ್ಯಾಷ್ ನೋಡುವುದು ಕೊನೆಯ ಕಮಾಂಡ್ ಆದ ಟೀಯ ಕೋಡನ್ನು, ಅದು 0. ಕಮಾಂಡ್ ಸೋತರೆ ಸ್ಕ್ರಿಪ್ಟ್ ನಿಲ್ಲಿಸುವ 'ಸೆಟ್ -ಇ' ಇದ್ದರೂ ಉಪಯೋಗವಿಲ್ಲ, ಪೈಪಿನ ಯಾವ ಕಮಾಂಡ್ ಸೋತರೂ ಸೋಲೆನ್ನುವ 'ಪೈಪ್‌ಫೇಲ್' ಬೇಕು. ಸಾಲಿನ ಕೊನೆಯಲ್ಲಿ '|| ಟ್ರೂ' ಕಂಡಲ್ಲೆಲ್ಲ ಕಾರಣ ಕೇಳಿ, ಅದು ಸೋಲನ್ನು ಮುಚ್ಚಿಡುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಗೆಸ್ಟ್ ಕರ್ನಲ್ ಪ್ಯಾನಿಕ್ ಆಗಿ (ಕುಸಿದು) ರೀಬೂಟ್‌ಗೆ ಹೊರಟಾಗ '-ನೋ-ರೀಬೂಟ್' ಇದ್ದರೆ ಕ್ಯೂಎಮು ಸದ್ದಿಲ್ಲದೆ 0 ಕೊಟ್ಟು ಮುಗಿಸುತ್ತದೆ. ಹಾಗಾಗಿ ಟೆಸ್ಟ್ ಮುಗಿದಾಗ ಗೆಸ್ಟ್ ಸೀರಿಯಲ್ ಕನ್ಸೋಲ್‌ಗೆ ಒಂದು ಗೊತ್ತಾದ ಸಾಲು ಬರೆಯಬೇಕು, ಸ್ಕ್ರಿಪ್ಟ್ ಅದನ್ನೇ ಹುಡುಕಬೇಕು. ಎಕ್ಸ್86ನಲ್ಲಿ 'ಐಎಸ್‌ಎ-ಡಿಬಗ್-ಎಕ್ಸಿಟ್' ಎಂಬ ಕ್ಯೂಎಮು ಡಿವೈಸ್ ಇನ್ನೂ ಒಳ್ಳೆಯದು. ಗೆಸ್ಟ್ ಬರೆದ ಸಂಖ್ಯೆಯನ್ನು ಎರಡು ಪಟ್ಟು ಮಾಡಿ ಒಂದು ಕೂಡಿಸಿ ಎಕ್ಸಿಟ್ ಕೋಡ್ ಆಗಿ ಕೊಡುತ್ತದೆ. 16 ಬರೆದರೆ ಹೊರಗೆ 33. ಇದರಲ್ಲಿ ಗೆಲುವು ಎಂದೂ 0 ಆಗುವುದಿಲ್ಲ, ಸ್ಕ್ರಿಪ್ಟ್ 33ನ್ನೇ ಕೇಳಬೇಕು. 'ಟೈಮ್‌ಔಟ್' ಕಮಾಂಡ್ ಸಮಯ ಮೀರಿದಾಗ ಕೊಡುವ 124ನ್ನೂ, ಬಲವಂತವಾಗಿ ಕೊಂದಾಗ ಬರುವ 137ನ್ನೂ ಬೇರೆ ಬೇರೆಯಾಗಿ ತೋರಿಸಬೇಕು. ಇಲ್ಲದಿದ್ದರೆ ಮೆಮೊರಿ ಸಾಲದೆ ಸತ್ತ ಟೆಸ್ಟನ್ನು ಬಗ್ ಎಂದುಕೊಂಡು ದಿನವಿಡೀ ಹುಡುಕುತ್ತೀರಿ.

ಓದಿದ್ದು ಸಾಲದು, ಕೆಡಿಸಿ ನೋಡಿ. ಕರ್ನಲ್ ಫೈಲಿನ ಹೆಸರು ಬೇಕಂತಲೇ ತಪ್ಪು ಬರೆದು ಒಮ್ಮೆ ಓಡಿಸಿ. ಒಂದು ಟೆಸ್ಟ್ ನಿರೀಕ್ಷಿಸುವ ಉತ್ತರ ಬದಲಿಸಿ ಮತ್ತೊಮ್ಮೆ. ಎರಡೂ ಸಲ ಕೆಂಪು ಬರದಿದ್ದರೆ ಒಪ್ಪಿಗೆ ಇಲ್ಲ.

ಡಿಸ್ಕ್ ಇಮೇಜ್ ಬದಲಾಗದಂತೆ '-ಸ್ನ್ಯಾಪ್‌ಶಾಟ್' ಇರಲಿ. ಕೊನೆಗೆ, ಓಡುತ್ತಿರುವಾಗಲೇ 'ಡಾಕರ್ ಸ್ಟಾಪ್' ಕೊಡಿ. ನಿಲ್ಲಲು 10 ಸೆಕೆಂಡ್ ಹಿಡಿಯಿತೇ? ಹಾಗಾದರೆ ಕಂಟೇನರಿನ ಮೊದಲ ಪ್ರಾಸೆಸ್ (ಪಿಐಡಿ 1) ಆಗಿ ಕೂತ ಸ್ಕ್ರಿಪ್ಟ್‌ಗೆ ಸಿಗ್‌ಟರ್ಮ್ (ನಿಲ್ಲು ಎನ್ನುವ ಸಿಗ್ನಲ್) ತಾಗುತ್ತಿಲ್ಲ. ಸಿಗ್ನಲ್ ದಾಟಿಸುವ ಚಿಕ್ಕ ಪ್ರಾಸೆಸನ್ನು ಪಿಐಡಿ 1 ಮಾಡುವ '--ಇನಿಟ್' ಸೇರಿಸಲು ಹೇಳಿ.