ಒತ್ತಡದಲ್ಲಿರುವ ಜೀವಕೋಶದ ಕೊಬ್ಬಿನ ಹನಿಗಳನ್ನು ಅಳೆಯುವ ಬಗೆ

ಜೀವಕೋಶ ಒತ್ತಡಕ್ಕೆ ಸಿಕ್ಕಾಗ ಅದರೊಳಗೆ ಕೊಬ್ಬಿನ ಹನಿಗಳು ಹೆಚ್ಚುತ್ತವೆ ಎಂಬ ಮಾತು ಸಂಶೋಧನಾ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಾಗೆ ಹೆಚ್ಚಲು ಕನಿಷ್ಠ ನಾಲ್ಕು ದಾರಿಗಳಿವೆ. ಹೊರಗಿನ ಮಾಧ್ಯಮದಿಂದ ಕೊಬ್ಬಿನಾಮ್ಲ ಹೆಚ್ಚಾಗಿ ಒಳಬಂದಿರಬಹುದು, ಕೋಶವೇ ಅದನ್ನು ಹೊಸದಾಗಿ ತಯಾರಿಸಿರಬಹುದು, ಇದ್ದ ಹನಿಗಳು ಕರಗುವುದು ನಿಂತಿರಬಹುದು, ಇಲ್ಲವೇ ಆಟೊಫೇಜಿಯಲ್ಲಿ (ಕೋಶ ತನ್ನದೇ ಭಾಗಗಳನ್ನು ಜೀರ್ಣಿಸಿ ಮರುಬಳಸುವ ಕ್ರಿಯೆ) ಒಡೆದ ಪೊರೆಗಳಿಂದ ಬಿಡುಗಡೆಯಾದ ಕೊಬ್ಬಿನಾಮ್ಲ ಹನಿಗಳಿಗೆ ಬಂದು ಸೇರಿರಬಹುದು. ಸೂಕ್ಷ್ಮದರ್ಶಕದಡಿ ಈ ನಾಲ್ಕೂ ಒಂದೇ ಹಸಿರು ಚುಕ್ಕೆಗಳಾಗಿ ಕಾಣುತ್ತವೆ. ಬಣ್ಣ ಹಾಕಲು ಅರ್ಧ ಗಂಟೆ ಸಾಕು. ಯಾವ ಕಂಟ್ರೋಲ್‌ಗಳನ್ನು ಇಡಬೇಕೆಂದು ಯೋಚಿಸಲು ಒಂದು ವಾರ ಹಿಡಿದರೂ ಅದು ವ್ಯರ್ಥವಲ್ಲ. ಕೋಶಗಳನ್ನು ಬೆಳೆಸುವುದು ಗೊತ್ತಿದ್ದು, ಲಿಪಿಡ್ ಕೆಲಸಕ್ಕೆ ಹೊಸಬರಾದ ಎಂ.ಎಸ್ಸಿ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ಈ ವಿವರಗಳನ್ನು ಬರೆಯಲಾಗಿದೆ.

ಮೊದಲು ಕೋಶದ ಆಯ್ಕೆ. ಯಕೃತ್ತಿನ ಕೊಬ್ಬಿನ ಪ್ರಶ್ನೆಯಾದರೆ ಹೆಪ್‌ಜಿ2 ಅಥವಾ ಹುಹ್7 (ಎರಡೂ ಮನುಷ್ಯನ ಯಕೃತ್ತಿನ ಕ್ಯಾನ್ಸರ್ ಕೋಶ ತಳಿಗಳು) ಸರಿ. ಚಿತ್ರಗಳು ಸ್ಪಷ್ಟವಾಗಿರಬೇಕೆಂದರೆ ಚಪ್ಪಟೆಯಾಗಿ ಹರಡಿಕೊಳ್ಳುವ ಯು2ಓಎಸ್ (ಮೂಳೆ ಕ್ಯಾನ್ಸರಿನ ಕೋಶ ತಳಿ) ಒಳ್ಳೆಯದು. ಹೆಪ್‌ಜಿ2 ಕೋಶಗಳು ಒಂದರ ಮೇಲೊಂದು ಗುಂಪುಗಟ್ಟುವುದರಿಂದ ಹನಿಗಳನ್ನು ಎಣಿಸುವಾಗ ತಾಳ್ಮೆ ಪರೀಕ್ಷೆಯಾಗುತ್ತದೆ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ಸಾಮಾನ್ಯ ಕೋಶ ತಳಿಗಳನ್ನು ತರಿಸಿಕೊಳ್ಳಬಹುದು. ಬಂದ ಕೋಶಗಳಲ್ಲಿ ಮೈಕೊಪ್ಲಾಸ್ಮ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳದೆ ಮುಂದುವರಿಯಬಾರದು. ಸೀರಂನಲ್ಲಿಯೇ ಕೊಬ್ಬು ಇರುತ್ತದೆ, ಅದರ ಪ್ರಮಾಣ ಪ್ರತಿ ಬ್ಯಾಚಿನಲ್ಲೂ ಬೇರೆಯಾಗಿರುತ್ತದೆ. ಆದ್ದರಿಂದ ಒಂದು ಅಧ್ಯಯನ ಮುಗಿಯುವವರೆಗೆ ಒಂದೇ ಬ್ಯಾಚಿನ ಸೀರಂ ಸಾಲುವಷ್ಟನ್ನು ತೆಗೆದಿಡಬೇಕು. ಎಲ್ಲ ಕವರ್‌ಸ್ಲಿಪ್‌ಗಳಲ್ಲೂ ಕೋಶಗಳ ಸಾಂದ್ರತೆ ಒಂದೇ ಇರಲಿ.

ಹನಿಗಳನ್ನು ತುಂಬಿಸಲು ಓಲಿಯಿಕ್ ಆಮ್ಲ ಬಳಸುವುದು ರೂಢಿ. ಅದನ್ನು ನೇರವಾಗಿ ಮಾಧ್ಯಮಕ್ಕೆ ಸುರಿದರೆ ಸಾಬೂನಿನಂತೆ ವರ್ತಿಸಿ ಕೋಶದ ಪೊರೆಯನ್ನು ಹಾಳುಮಾಡುತ್ತದೆ. ಅದಕ್ಕಾಗಿ ಕೊಬ್ಬಿನಾಮ್ಲವಿಲ್ಲದ ಬೋವೈನ್ ಸೀರಂ ಆಲ್ಬ್ಯುಮಿನ್ ಎಂಬ ಹಸುವಿನ ರಕ್ತದ ಪ್ರೋಟೀನಿಗೆ ಅಂಟಿಸಿ ಕೊಡಬೇಕು. ಶೇಕಡಾ 10ರ ಆಲ್ಬ್ಯುಮಿನ್ ದ್ರಾವಣ ಸುಮಾರು 1.5 ಮಿಲಿಮೋಲಾರ್ ಆಗುತ್ತದೆ. 37 ಡಿಗ್ರಿಯಲ್ಲಿರುವ ಆ ದ್ರಾವಣಕ್ಕೆ, ಬೆಚ್ಚಗಿನ ಸೋಡಿಯಂ ಓಲಿಯೇಟ್ ದ್ರಾವಣವನ್ನು ಕಲಕುತ್ತಾ ಹನಿಹನಿಯಾಗಿ ಸೇರಿಸಿ 4.5 ಮಿಲಿಮೋಲಾರ್‌ಗೆ ತಂದರೆ, ಆಲ್ಬ್ಯುಮಿನ್‌ನ ಒಂದು ಅಣುವಿಗೆ ಓಲಿಯೇಟ್‌ನ ಮೂರು ಅಣುಗಳಾಗುತ್ತವೆ. ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ: ದ್ರಾವಣ ತಿಳಿಯಾಗಿ, ತುಸು ಹಳದಿಯಾಗಿರಬೇಕು. ಹಾಲಿನಂಥ ಮಸುಕು ಕಂಡರೆ ಆಮ್ಲ ಅಂಟಿಕೊಂಡಿಲ್ಲವೆಂದರ್ಥ, ಅದನ್ನು ಚೆಲ್ಲಿ ಹೊಸದಾಗಿ ಮಾಡುವುದೇ ಲೇಸು. ಕೋಶಗಳಿಗೆ 100ರಿಂದ 400 ಮೈಕ್ರೋಮೋಲಾರ್ ಓಲಿಯೇಟನ್ನು 12ರಿಂದ 24 ಗಂಟೆ ಕೊಡುವುದು ವಾಡಿಕೆ. ಕಂಟ್ರೋಲ್ ಬಟ್ಟಲಿಗೆ ಬರಿಯ ಮಾಧ್ಯಮ ಸಾಲದು. ಅಷ್ಟೇ ಪ್ರಮಾಣದ ಖಾಲಿ ಆಲ್ಬ್ಯುಮಿನ್ ಅಲ್ಲಿಯೂ ಇರಬೇಕು.

ಪಾಮಿಟಿಕ್ ಆಮ್ಲದ ಕಥೆ ಬೇರೆ. 16 ಕಾರ್ಬನ್‌ಗಳ, ದ್ವಿಬಂಧವಿಲ್ಲದ ಈ ಆಮ್ಲದ ದ್ರಾವಣ ಬಿಸಿ ಆರಿದೊಡನೆ ಚಳಿಗಾಲದ ತುಪ್ಪದಂತೆ ಗಟ್ಟಿಯಾಗುವುದರಿಂದ, ಅದನ್ನು 70 ಡಿಗ್ರಿಯಲ್ಲಿ ಕರಗಿಸಿ ಕೂಡಲೇ ಬೆಚ್ಚಗಿನ ಆಲ್ಬ್ಯುಮಿನ್‌ಗೆ ಬೆರೆಸಬೇಕಾಗುತ್ತದೆ. ಕೋಶದೊಳಗೂ ಅದು ಸುಲಭವಾಗಿ ಟ್ರೈಗ್ಲಿಸರೈಡ್ (ಹನಿಗಳಲ್ಲಿ ಶೇಖರವಾಗುವ ಕೊಬ್ಬು) ಆಗದೆ ಪೊರೆಗಳಿಗೆ ಸೇರಿ ಅವುಗಳನ್ನು ಬಿರುಸಾಗಿಸುತ್ತದೆ, ಪ್ರೋಟೀನು ಮತ್ತು ಕೊಬ್ಬು ತಯಾರಾಗುವ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಒತ್ತಡ ಹುಟ್ಟಿಸುತ್ತದೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೀನ್ ಶಾಫರ್ ಅವರ ತಂಡ 2003ರಲ್ಲಿ ತೋರಿಸಿದಂತೆ, ಪಾಮಿಟೇಟ್‌ನ ಜೊತೆಗೆ ಓಲಿಯೇಟ್ ಕೊಟ್ಟರೆ ಕೋಶಗಳು ಹನಿಗಳನ್ನು ಕಟ್ಟಿಕೊಂಡು ಬದುಕುತ್ತವೆ. ಹಾಗಾಗಿ ಹನಿ ಹೆಚ್ಚಿದ ಕೋಶವನ್ನೆಲ್ಲ ರೋಗಗ್ರಸ್ತ ಎಂದು ಬರೆಯುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ. ಎಷ್ಟೋ ಸಲ ಹನಿ ಇಲ್ಲದ ಕೋಶವೇ ಮೊದಲು ಸಾಯುತ್ತದೆ.

ಒತ್ತಡ ಕೊಡುವ ಹಂತದಲ್ಲಿ ಯಾವ ಒತ್ತಡ ಎಂಬುದನ್ನು ಸ್ಪಷ್ಟವಾಗಿ ಹೆಸರಿಸಬೇಕು. ಟ್ಯುನಿಕಮೈಸಿನ್ ಪ್ರೋಟೀನುಗಳಿಗೆ ಸಕ್ಕರೆ ಸರಪಳಿ ಜೋಡಿಸುವುದನ್ನು ತಡೆಯುತ್ತದೆ, ಥ್ಯಾಪ್ಸಿಗಾರ್ಗಿನ್ ಕ್ಯಾಲ್ಸಿಯಂ ಪಂಪನ್ನು ನಿಲ್ಲಿಸುತ್ತದೆ. ಎರಡೂ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೇ ಒತ್ತಡ ತಂದರೂ ದಾರಿ ಬೇರೆ. ಹೀಗಾಗಿ ಎರಡರಲ್ಲೂ ಒಂದೇ ಫಲಿತಾಂಶ ಬಂದರೆ ಮಾತಿಗೆ ತೂಕ ಬರುತ್ತದೆ. ಒತ್ತಡ ನಿಜವಾಗಿ ಉಂಟಾಯಿತೆಂಬುದಕ್ಕೂ ಪುರಾವೆ ಬೇಕು. ಈ ಒತ್ತಡವನ್ನು ಗ್ರಹಿಸುವ ಐಆರ್‌ಇ1 ಪ್ರೋಟೀನು ಸಕ್ರಿಯವಾದಾಗ ಎಕ್ಸ್‌ಬಿಪಿ1 ಆರ್‌ಎನ್‌ಎಯಿಂದ 26 ನ್ಯೂಕ್ಲಿಯೋಟೈಡ್‌ಗಳ ತುಂಡು ಕತ್ತರಿಸಿಹೋಗುತ್ತದೆ, ಅದನ್ನು ಪಿಸಿಆರ್ ಮಾಡಿ ನೋಡಬಹುದು. ಜೊತೆಗೆ ಬಿಪ್ ಮತ್ತು ಚಾಪ್ ಪ್ರೋಟೀನುಗಳ ಏರಿಕೆಯನ್ನೂ ಪರೀಕ್ಷಿಸಬಹುದು. ಪ್ರೋಟೀನು ಕೆಡದೆಯೂ, ಪೊರೆಯ ಕೊಬ್ಬು ಹೆಚ್ಚು ಸಂತೃಪ್ತ (ದ್ವಿಬಂಧವಿಲ್ಲದ್ದು) ಆದ ಮಾತ್ರಕ್ಕೆ ಐಆರ್‌ಇ1 ಮತ್ತು ಅಂಥದ್ದೇ ಇನ್ನೊಂದು ಪ್ರೋಟೀನಾದ ಪರ್ಕ್ ಎಚ್ಚರಗೊಳ್ಳುತ್ತವೆ ಎಂದು ಡೇವಿಡ್ ರಾನ್ ಅವರ ಗುಂಪು 2013ರಲ್ಲಿ ತೋರಿಸಿದೆ. ಲಿಪಿಡ್ ಬದಲಾವಣೆ ಒತ್ತಡದ ಫಲವೇ, ಅದರ ಕಾರಣವೇ ಎಂಬುದನ್ನು ಗಂಟೆಗಂಟೆಯ ಮಾದರಿಗಳಿಲ್ಲದೆ ಹೇಳಲಾಗುವುದಿಲ್ಲ.

ಉಪವಾಸದ ಪ್ರಯೋಗದಲ್ಲಿ ಎಡವುವವರು ಇನ್ನೂ ಹೆಚ್ಚು. ಸೀರಂ ಮಾತ್ರ ತೆಗೆದರೆ ಕೋಶ ತನ್ನ ಹನಿಗಳನ್ನು ಖರ್ಚುಮಾಡುತ್ತದೆ, ಅಮೈನೊ ಆಮ್ಲಗಳನ್ನೂ ತೆಗೆದು ಹ್ಯಾಂಕ್ಸ್ ಲವಣ ದ್ರಾವಣದಲ್ಲಿಟ್ಟರೆ ಹನಿಗಳು ಹೆಚ್ಚುತ್ತವೆ. ಜೆನಿಫರ್ ಲಿಪ್ಪಿನ್‌ಕಾಟ್-ಶ್ವಾರ್ಟ್ಸ್ ಅವರ ತಂಡ ಇಲಿಯ ಭ್ರೂಣದ ಫೈಬ್ರೊಬ್ಲಾಸ್ಟ್‌ಗಳಲ್ಲಿ 2015ರಲ್ಲಿ ಇದನ್ನು ವಿವರಿಸಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಜೇಮ್ಸ್ ಓಲ್ಜ್‌ಮನ್ ಅವರ ಪ್ರಯೋಗಾಲಯ 2017ರಲ್ಲಿ ಮುಂದಿನ ಕೊಂಡಿಯನ್ನು ಜೋಡಿಸಿತು: ಆಟೊಫೇಜಿಯಿಂದ ಹೊರಬಂದ ಕೊಬ್ಬಿನಾಮ್ಲಗಳನ್ನು ಡಿಜಿಎಟಿ1 ಕಿಣ್ವ ಹನಿಗಳಿಗೆ ಸೇರಿಸುತ್ತದೆ, ಆ ಕಿಣ್ವವನ್ನು ತಡೆದರೆ ಅಸೈಲ್‌ಕಾರ್ನಿಟಿನ್‌ಗಳು (ಮೈಟೋಕಾಂಡ್ರಿಯಕ್ಕೆ ಸಾಗಿಸಲು ಕಾರ್ನಿಟಿನ್‌ಗೆ ಜೋಡಿಸಿದ ಕೊಬ್ಬಿನಾಮ್ಲಗಳು) ಶೇಖರವಾಗಿ ಮೈಟೋಕಾಂಡ್ರಿಯ ಕೆಡುತ್ತವೆ. ಹಾಗಾಗಿ "ಉಪವಾಸ ಹಾಕಿದೆವು" ಎಂದಷ್ಟೇ ಬರೆದರೆ ಓದುಗನಿಗೆ ಏನೂ ತಿಳಿಯುವುದಿಲ್ಲ. ಮಾಧ್ಯಮದಿಂದ ಏನೇನು ತೆಗೆಯಲಾಯಿತೆಂದು ಹೇಳಬೇಕು.

ಕೋಶಗಳನ್ನು ಸ್ಥಿರಗೊಳಿಸಲು ಶೇಕಡಾ 4ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 15ರಿಂದ 20 ನಿಮಿಷ ಇಡಿ. ಮೆಥನಾಲ್, ಅಸಿಟೋನ್ ಹತ್ತಿರವೂ ಬರಬಾರದು, ಅವು ಕೊಬ್ಬನ್ನೇ ಕರಗಿಸಿಬಿಡುತ್ತವೆ. ಪ್ರತಿಕಾಯವನ್ನೂ ಹಾಕುವುದಿದ್ದರೆ, ಪೊರೆಯಲ್ಲಿ ರಂಧ್ರ ಮಾಡಲು ಟ್ರೈಟಾನ್ ಡಿಟರ್ಜೆಂಟ್‌ನ ಬದಲು ಶೇಕಡಾ 0.1ರ ಸಪೋನಿನ್ ಬಳಸಿ. ಸಪೋನಿನ್ ಮಾಡುವ ರಂಧ್ರಗಳು ಮತ್ತೆ ಮುಚ್ಚಿಕೊಳ್ಳುವುದರಿಂದ ಪ್ರತಿಕಾಯದ ಪ್ರತಿ ದ್ರಾವಣದಲ್ಲೂ ಅದು ಇರಲೇಬೇಕು. ಕೊಬ್ಬಿಗೆ ಹಿಡಿದು ಹಸಿರಾಗಿ ಹೊಳೆಯುವ ಬಾಡಿಪಿ 493/503 ಬಣ್ಣವನ್ನು ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಪ್ರಮಾಣದಲ್ಲಿ ಕತ್ತಲಲ್ಲಿ ಅರ್ಧ ಗಂಟೆ ಹಾಕಿ ತೊಳೆದರೆ ಸಾಕು. 1985ರಿಂದ ಬಳಕೆಯಲ್ಲಿರುವ ನೈಲ್ ರೆಡ್ ಅಗ್ಗವಾದರೂ ಅದರ ಹೊಳಪು ಹಲವು ಚಾನಲ್‌ಗಳಿಗೆ ಚೆಲ್ಲುತ್ತದೆ, ಪೊರೆಗಳನ್ನೂ ಬೆಳಗಿಸುತ್ತದೆ. ಬಣ್ಣ ಹಿಡಿದದ್ದೆಲ್ಲ ಹನಿಯೇ ಅಲ್ಲವೇ ಎಂಬ ಅನುಮಾನ ಬಂದರೆ, ಹನಿಯ ಮೇಲ್ಮೈಯಲ್ಲಿರುವ ಪೆರಿಲಿಪಿನ್-2 ಪ್ರೋಟೀನಿಗೆ ಅಂಟಿ ಕೆಂಪಾಗಿ ಹೊಳೆಯುವ ಪ್ರತಿಕಾಯ ಹಾಕಿ: ನಿಜವಾದ ಹನಿಯಾಗಿದ್ದು ಸಾಕಷ್ಟು ದೊಡ್ಡದಿದ್ದರೆ, ಹಸಿರು ಚುಕ್ಕೆಯ ಅಂಚಿಗೆ ತೆಳುವಾದ ಕೆಂಪು ಉಂಗುರ ಕಾಣುತ್ತದೆ.

ಚಿತ್ರ ತೆಗೆಯುವಾಗ ಅತಿ ಹೆಚ್ಚು ಹೊಳೆಯುವ ಓಲಿಯೇಟ್ ಮಾದರಿಯನ್ನು ನೋಡಿ ಲೇಸರ್ ಮತ್ತು ಡಿಟೆಕ್ಟರ್ ಹೊಂದಿಸಿ, ಆಮೇಲೆ ಯಾವ ಗುಂಡಿಯನ್ನೂ ಮುಟ್ಟಬೇಡಿ. 63 ಪಟ್ಟಿನ ತೈಲ ಲೆನ್ಸಿನಲ್ಲಿ 0.3 ಮೈಕ್ರೋಮೀಟರ್ ಅಂತರದ ಪದರಗಳು ಸಾಕಾಗುತ್ತವೆ. ಸುಮಾರು 0.2 ಮೈಕ್ರೋಮೀಟರಿಗಿಂತ ಚಿಕ್ಕ ಹನಿಗಳ ಗಾತ್ರವನ್ನು ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ತಿಳಿಸಲಾರದು. ಫಿಜಿ ಅಥವಾ ಸೆಲ್‌ಪ್ರೊಫೈಲರ್ ತಂತ್ರಾಂಶದಲ್ಲಿ ಎಣಿಸುವಾಗ ಪ್ರತಿ ಕೋಶದ ಹನಿಗಳ ಸಂಖ್ಯೆಯನ್ನೂ ಒಟ್ಟು ವಿಸ್ತೀರ್ಣವನ್ನೂ ದಾಖಲಿಸಿ. ಹನಿಗಳು ಕೂಡಿಕೊಂಡಾಗ ಸಂಖ್ಯೆ ಇಳಿದು ಕೊಬ್ಬು ಅಷ್ಟೇ ಉಳಿದಿರುತ್ತದೆ. ನೂರು ಕೋಶ ಎಣಿಸಿದರೂ ಅದು ಒಂದೇ ಪ್ರಯೋಗ. ಬೇರೆ ಬೇರೆ ದಿನ ಮಾಡಿದ ಕನಿಷ್ಠ ಮೂರು ಪ್ರಯೋಗಗಳ ಸರಾಸರಿಗಳನ್ನು ಹೋಲಿಸಬೇಕು. ಬಾಡಿಪಿ ಟ್ರೈಗ್ಲಿಸರೈಡ್ ಮತ್ತು ಕೊಲೆಸ್ಟರಾಲ್ ಎಸ್ಟರ್‌ಗಳನ್ನು ಬೇರ್ಪಡಿಸಿ ತೋರಿಸದು. ಅದಕ್ಕೆ ಬ್ಲೈ ಮತ್ತು ಡೈಯರ್ 1959ರಲ್ಲಿ ಕೊಟ್ಟ ಕ್ಲೋರೋಫಾರ್ಮ್–ಮೆಥನಾಲ್ ವಿಧಾನದಿಂದ ಕೊಬ್ಬನ್ನು ಬೇರ್ಪಡಿಸಿ ತೆಳುಪದರ ಕ್ರೊಮೆಟೋಗ್ರಫಿ ಮಾಡಬೇಕಾಗುತ್ತದೆ.

ಕಾರಣವನ್ನು ಹುಡುಕುವ ಪ್ರತಿಬಂಧಕಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಬಹುದು. ಕೊಬ್ಬು ತೆಗೆದ ಸೀರಂನಲ್ಲಿಯೂ ಹನಿಗಳು ಹೆಚ್ಚಿದರೆ ಹೊರಗಿನ ಪೂರೈಕೆ ಕಾರಣವಲ್ಲ. ಕೊಬ್ಬಿನಾಮ್ಲದ ತಯಾರಿಕೆಯನ್ನು ತಡೆಯುವ ಟಿಓಎಫ್‌ಎ ಹಾಕಿದಾಗ ಏರಿಕೆ ನಿಂತರೆ ಹೊಸ ತಯಾರಿಕೆಯತ್ತ ಬೊಟ್ಟುಮಾಡುತ್ತದೆ. ಡಿಜಿಎಟಿ1 ತಡೆಯಲು ಟಿ863, ಅದೇ ಬಗೆಯ ಕೆಲಸದ ಡಿಜಿಎಟಿ2 ಕಿಣ್ವ ತಡೆಯಲು ಪಿಎಫ್-06424439 ಬಳಕೆಯಲ್ಲಿವೆ. ಹನಿ ಕರಗಿಸುವ ಎಟಿಜಿಎಲ್ ಕಿಣ್ವವನ್ನು ತಡೆಯಲು ಅಟ್‌ಗ್ಲಿಸ್ಟಾಟಿನ್ ಇಲಿಯ ಕೋಶಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಮನುಷ್ಯನ ಕಿಣ್ವಕ್ಕೆ ತಾಗುವುದಿಲ್ಲ. ಹುಹ್7ಗೆ ಅದನ್ನು ಹಾಕಿ "ಪರಿಣಾಮವಿಲ್ಲ" ಎಂದು ತೀರ್ಮಾನಿಸಿದರೆ ಆ ತೀರ್ಮಾನಕ್ಕೆ ಅರ್ಥವಿರುವುದಿಲ್ಲ. ಕೊಬ್ಬಿನಾಮ್ಲ ಮೈಟೋಕಾಂಡ್ರಿಯಕ್ಕೆ ಹೋಗುವುದನ್ನು ತಡೆಯುವ ಎಟೊಮಾಕ್ಸಿರ್‌ನ ಪ್ರಮಾಣ ಏರಿಸಿದಂತೆ ಅದು ಮೈಟೋಕಾಂಡ್ರಿಯದ ಉಸಿರಾಟ ಸರಪಳಿಯ ಮೊದಲ ಸಂಕೀರ್ಣವನ್ನೂ ಹಿಡಿಯುತ್ತದೆ, ಆದ್ದರಿಂದ ಕೆಲವೇ ಮೈಕ್ರೋಮೋಲಾರ್‌ನಲ್ಲಿ ನಿಲ್ಲಿಸಿ. ಲೈಸೊಸೋಮಿನ ಜೀರ್ಣಕ್ರಿಯೆಯನ್ನು ನಿಲ್ಲಿಸುವ ಬ್ಯಾಫಿಲೊಮೈಸಿನ್ ಅತ್ಯಂತ ಕುತಂತ್ರಿ: ಆಟೊಫೇಜಿಯಿಂದ ಹನಿಗೆ ಬರುವ ಕೊಬ್ಬನ್ನೂ ತಡೆಯುತ್ತದೆ, 2009ರಲ್ಲಿ ವಿವರಿಸಲಾದ ಲಿಪೊಫೇಜಿಯ (ಹನಿಗಳನ್ನೇ ಒಡೆಯುವ ಆಟೊಫೇಜಿ) ಮೂಲಕ ಹನಿ ಕರಗುವುದನ್ನೂ ತಡೆಯುತ್ತದೆ, ಹಾಗಾಗಿ ಒಂದೇ ಗಳಿಗೆಯ ಚಿತ್ರದಲ್ಲಿ ಹನಿಗಳು ಏರಿದ್ದರೂ ಇಳಿದಿದ್ದರೂ ವ್ಯಾಖ್ಯಾನಿಸಲಾಗದು. ಹೊಳೆಯುವ ಕೊಬ್ಬಿನಾಮ್ಲವನ್ನು ರಾತ್ರಿಯಿಡೀ ಪೊರೆಗಳಿಗೆ ತುಂಬಿಸಿ, ಮರುದಿನ ಉಪವಾಸ ಹಾಕಿ, 0, 6 ಮತ್ತು 24 ಗಂಟೆಗಳಲ್ಲಿ ಅದು ಎಲ್ಲಿ ಸೇರಿದೆ ಎಂದು ಹಿಂಬಾಲಿಸುವುದೇ ಇಲ್ಲಿ ನಂಬಬಹುದಾದ ಮಾರ್ಗ.