ಮಗಳು ಟ್ರಯಥ್ಲಾನ್ ಮಾಡ್ತೀನಿ ಅಂತಾಳಾ? ಮೊದ್ಲು ಅಲಾರಂ ಇಟ್ಕೊಳ್ಳಿ

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಬೆಳಗಿನ ಜಾವ ಐದಕ್ಕೆ ಯಾವ್ದಾದ್ರೂ ಸ್ವಿಮ್ಮಿಂಗ್ ಪೂಲ್ ಪಾರ್ಕಿಂಗಿಗೆ ಹೋಗಿ ನೋಡಿ, ಸೀಟು ಹಿಂದಕ್ಕೆ ಮಲಗಿಸ್ಕೊಂಡು ಬಾಯಿ ತೆಕ್ಕೊಂಡು ನಿದ್ದೆ ಹೊಡೀತಿರೋ ಅಪ್ಪಂದಿರು ಒಂದು ಹತ್ತು ಜನ ಆದ್ರೂ ಸಿಗ್ತಾರೆ. ಮೂರು ವರ್ಷದಿಂದ ಅವರಲ್ಲಿ ನಾನೂ ಒಬ್ಬ. ನಮ್ಮ ಮಗಳಿಗೆ ಈಗ ಹದಿನೈದು, ಟ್ರಯಥ್ಲಾನ್ ಮಾಡ್ತಾಳೆ, ಅಂದ್ರೆ ಒಂದೇ ರೇಸಲ್ಲಿ ಈಜು, ಸೈಕಲ್, ಓಟ ಮೂರೂ ಒಂದಾದ ಮೇಲೊಂದು. ಇಲ್ಲಿರೋ ಬೇರೆ ಕನ್ನಡದವ್ರು ಸಿಕ್ಕಾಗೆಲ್ಲ "ನಮ್ ಹುಡುಗಾನೂ ಕೇಳ್ತಿದಾನೆ ಸಾರ್, ಎಲ್ಲಿಂದ ಶುರು ಮಾಡೋದು" ಅಂತಾರೆ, ಪ್ರತಿ ಸಲ ಹೇಳೋ ಬದ್ಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದೀನಿ.

ಈ ದೇಶಕ್ಕೆ ಈ ಆಟದ ಹುಚ್ಚು ಹೊಸದಲ್ಲ. ಟ್ರಯಥ್ಲಾನ್ ಒಲಿಂಪಿಕ್ಸಿಗೆ ಬಂದಿದ್ದೇ 2000ದ ಸಿಡ್ನಿಯಲ್ಲಿ, ಒಪೇರಾ ಹೌಸ್ ಪಕ್ಕದ ನೀರಿಗೆ ಹಾರಿ ಮಿಶೆಲಿ ಜೋನ್ಸ್ ಬೆಳ್ಳಿ ತಂದ್ರು. 2008ರ ಬೀಜಿಂಗ್‌ನಲ್ಲಿ ಎಮ್ಮಾ ಸ್ನೋಸಿಲ್ ಚಿನ್ನ, ಎಮ್ಮಾ ಮೊಫಾಟ್ ಕಂಚು, 2012ರ ಲಂಡನ್‌ನಲ್ಲಿ ಎರಿನ್ ಡೆನ್ಶಮ್ ಕಂಚು. ಆಮೇಲೆ ಒಲಿಂಪಿಕ್ಸಲ್ಲಿ ಪದಕಾನೇ ಇಲ್ಲ. 2032ರಲ್ಲಿ ಒಲಿಂಪಿಕ್ಸ್ ನಮ್ಮ ಬ್ರಿಸ್ಬೇನಿಗೇ ಬರ್ತಿದೆ, ಈಗಿನ ಹೈಸ್ಕೂಲ್ ಮಕ್ಕಳಿಗೆ ಆಗ ಇಪ್ಪತ್ತರ ಆಸುಪಾಸು. ಹಾಗಾಗಿ ಕ್ಲಬ್ಬುಗಳಲ್ಲಿ ಎಲ್ರ ಬಾಯಲ್ಲೂ ಅದೇ ಮಾತು.

ಮೊದಲ್ನೇ ಹೆಜ್ಜೆ, ನೀರು

ಇದೊಂದನ್ನ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಎಲ್ರೂ ಎಡವೋದು ಇಲ್ಲೇ. ನಮ್ಮೋರು ಸಾಮಾನ್ಯವಾಗಿ ಏನಂದ್ಕೋತಾರೆ, ಹುಡುಗ ಚೆನ್ನಾಗಿ ಓಡ್ತಾನೆ, ಸೈಕಲ್ ತುಳೀತಾನೆ, ಈಜು ಆಮೇಲೆ ಕಲಿತರಾಯ್ತು ಅಂತ. ತಪ್ಪು. ಎಲೀಟ್ ರೇಸಲ್ಲಿ, ಒಲಿಂಪಿಕ್ಸ್ ಥರದ ದೊಡ್ಡ ಮಟ್ಟದ ರೇಸಲ್ಲಿ, ಸೈಕಲ್ ಮೇಲೆ ಡ್ರಾಫ್ಟಿಂಗ್ ಮಾಡ್ಬಹುದು, ಅಂದ್ರೆ ಮುಂದಿನವರ ಚಕ್ರಕ್ಕೆ ಅಂಟ್ಕೊಂಡು ಅವರ ಮರೇಲಿ ಗಾಳಿ ತಪ್ಪಿಸ್ಕೊಂಡು ಹೋಗೋದು. ನೀರಿಂದ ಮೊದಲು ಎದ್ದ ಹತ್ತಿಪ್ಪತ್ತು ಜನ ಒಂದು ಗುಂಪು ಕಟ್ಕೊಂಡು ಸರದಿ ಮೇಲೆ ಗಾಳಿ ಸೀಳ್ತಾ ಹೊರಟ್ರೆ, ಮೂವತ್ತು ಸೆಕೆಂಡ್ ಲೇಟಾಗಿ ಎದ್ದೋನು ಒಬ್ನೇ ಎಷ್ಟು ತುಳಿದ್ರೂ ಅವರನ್ನ ಮುಟ್ಟೋದು ಕಷ್ಟ, ಮುಟ್ಟಿದ್ರೂ ಕಾಲಲ್ಲಿ ಓಡೋಕೆ ಏನೂ ಉಳಿದಿರಲ್ಲ. ಜೊತೆಗೆ ಇನ್ನೊಂದು ಕ್ರೂರ ನಿಯಮ ಇದೆ, ಸೈಕಲ್ಲಲ್ಲಿ ಮುಂದಿನವರು ಒಂದು ಸುತ್ತು ಜಾಸ್ತಿ ಹೊಡೆದು ನಿಮ್ಮನ್ನ ದಾಟಿದ್ರೆ ಅಲ್ಲಿಗೆ ನಿಮ್ಮ ರೇಸ್ ಮುಗೀತು, ಇಳಿದು ಮನೆಗೆ. ಸಂಡೆ ಮಜಾಕ್ಕೆ ಮಾಡೋ ಏಜ್ ಗ್ರೂಪ್ ರೇಸಲ್ಲಿ ಇದ್ಯಾವ್ದೂ ಇಲ್ಲ, ಅಲ್ಲಿ ಒಳ್ಳೆ ಓಟಗಾರ ಕೊನೇಲಿ ಎಲ್ರನ್ನೂ ಹಿಡಿದುಬಿಡ್ತಾನೆ. ಅದನ್ನ ನೋಡಿ ಮೋಸ ಹೋಗ್ಬೇಡಿ.

ಅದಕ್ಕೇ ಹತ್ತು ಹನ್ನೆರಡು ವರ್ಷಕ್ಕೇ ಟ್ರಯಥ್ಲಾನ್ ಕೋಚ್ ಹುಡುಕೋ ಬದ್ಲು ಒಂದು ಒಳ್ಳೆ ಸ್ವಿಮ್ಮಿಂಗ್ ಕ್ಲಬ್ಬಿಗೆ ಹಾಕಿ. ಸಮುದ್ರ ಹತ್ರ ಇದ್ರೆ ನಿಪ್ಪರ್ಸ್‌ಗೂ ಕಳ್ಸಿ, ಅದು ಸರ್ಫ್ ಲೈಫ್ ಸೇವಿಂಗ್ ಕ್ಲಬ್ಬಿನವರು ಚಿಕ್ಕ ಮಕ್ಕಳಿಗೆ ಭಾನುವಾರ ಬೆಳಗ್ಗೆ ನಡೆಸೋದು. ಅಲೆ ಬಂದಾಗ ಕೆಳಗೆ ತೂರೋದು, ಮರಳಲ್ಲಿ ಓಡಿಬಂದು ನೀರಿಗೆ ಬೀಳೋದು, ಮೈಮೇಲೆ ಬೀಳೋರ ಮಧ್ಯೆ ಗಾಬರಿ ಆಗ್ದೆ ಈಜೋದು, ಇದ್ಯಾವ್ದನ್ನೂ ಪೂಲಿನ ತಳದಲ್ಲಿರೋ ಕಪ್ಪು ಗೆರೆ ಕಲಿಸಲ್ಲ. ತೆರೆದ ನೀರಲ್ಲಿ ಗೆರೆ ಎಲ್ಲಿಂದ ಬರ್ಬೇಕು? ಆರೆಂಟು ಕೈ ಹೊಡೆದು ಒಂದ್ಸಲ ಮೊಸಳೆ ಥರ ಕಣ್ಣಷ್ಟೇ ಮೇಲೆತ್ತಿ, ದಾರಿ ತೋರ್ಸೋಕೆ ತೇಲಿಬಿಟ್ಟಿರೋ ಬೋಯ್ ಎಲ್ಲಿದೆ ಅಂತ ನೋಡ್ಕೊಂಡು ಅದೇ ಉಸಿರಲ್ಲಿ ಮುಂದಕ್ಕೆ ಹೋಗ್ಬೇಕು. ಬಾವೀಲಿ ಸೊಂಟಕ್ಕೆ ಬೆಂಡು ಕಟ್ಕೊಂಡು ಈಜು ಕಲಿತೋನು ನಾನು, ತಲೆ ಪೂರ್ತಿ ಮೇಲಿಟ್ಕೊಂಡೇ ಈಜೋದು, ನನ್ನ ನೋಡಿ ಮಗಳು "ಅಪ್ಪಾ, ಪ್ಲೀಸ್ ಕಾರಲ್ಲೇ ಇರು" ಅಂತಾಳೆ.

ಎರಡ್ನೇದು, ಮೊದಲ ರೇಸ್

ಏಳರಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ವೀಟ್‌ಬಿಕ್ಸ್ ಟ್ರೈಯಥ್ಲಾನ್ ಅಂತ ಊರೂರಲ್ಲಿ ನಡೆಯತ್ತೆ, ಗೆಲುವು ಸೋಲಿನ ತಲೆಬಿಸಿ ಇಲ್ಲ, ಶುರುಮಾಡೋಕೆ ಇದೇ ಸರಿ. ಆಮೇಲೆ ಲೋಕಲ್ ಕ್ಲಬ್ ರೇಸು, ಸ್ಕೂಲ್ ಟೀಮು. ಶನಿವಾರ ಬೆಳಗ್ಗೆ ಪಾರ್ಕ್‌ರನ್ ಇದ್ದೇ ಇದೆ, 5 ಕಿಲೋಮೀಟರ್, ದುಡ್ಡು ಕೊಡೋ ಹಾಗಿಲ್ಲ, ಮಗು ಓಡ್ಲಿ ನೀವೂ ಹಿಂದಿಂದ ನಡ್ಕೊಂಡು ಬನ್ನಿ.

ಸೈಕಲ್ಲಿಗೆ ಮಾತ್ರ ಈಗ್ಲೇ ಸಾಲ ಮಾಡ್ಬೇಡಿ. ಬಗ್ಗಿದ ಹ್ಯಾಂಡಲ್ ಇರೋ ಮಾಮೂಲಿ ರೋಡ್ ಬೈಕ್ ಸಾಕು, ಡ್ರಾಫ್ಟಿಂಗ್ ಇರೋ ರೇಸಲ್ಲಿ ಟೈಮ್ ಟ್ರಯಲ್ ಬೈಕ್, ಅಂದ್ರೆ ಒಬ್ಬೊಬ್ರೇ ತುಳಿಯೋ ರೇಸಿಗೆ ಮಾಡಿದ ಸೈಕಲ್, ಬಿಡೋದೇ ಇಲ್ಲ. ನಾನು ಗೊತ್ತಿಲ್ದೆ ಅಂಗಡಿಯವನ ಮಾತು ಕೇಳಿ ಹ್ಯಾಂಡಲ್ ಮೇಲೆ ಮೊಣಕೈ ಊರೋ ಏರೋ ಬಾರ್ ಹಾಕಿಸ್ಕೊಂಡು ಬಂದೆ, ಕೋಚ್ ನೋಡಿ ನಕ್ಕು ಅಲ್ಲೇ ಬಿಚ್ಚಿ ನನ್ನ ಕೈಗೆ ಕೊಟ್ರು. ಬೆಳೆಯೋ ಮಕ್ಕಳು, ವರ್ಷಕ್ಕೊಂದು ಸೈಜು, ಕ್ಲಬ್ಬಲ್ಲಿ ದೊಡ್ಡ ಮಕ್ಕಳು ಬಿಟ್ಟ ಅಲ್ಯೂಮಿನಿಯಂ ಸೈಕಲ್ ಸಿಗತ್ತೆ, ಕೇಳೋಕೆ ನಾಚ್ಕೋಬೇಡಿ. ಆಗಸ್ಟ್ ಕಳೆದು ಸ್ಪ್ರಿಂಗ್ ಬಂತಂದ್ರೆ ಮ್ಯಾಗ್‌ಪೈ ಹಕ್ಕಿ ಸೈಕಲ್‌ನವರ ತಲೆಗೇ ಎರಗತ್ತೆ, ಹೆಲ್ಮೆಟ್ಟಿಗೆ ಮುಳ್ಳುಹಂದಿ ಥರ ಕೇಬಲ್ ಟೈ ಸಿಗಿಸ್ಕೊಂಡು ಹೋಗೋದು ಇಲ್ಲಿನ ಪದ್ಧತಿ, ಉಪಯೋಗ ಎಷ್ಟೋ ದೇವರೇ ಬಲ್ಲ.

ಮೂರ್ನೇದು, ಅಂಗಳದಲ್ಲಿ ಟ್ರಾನ್ಸಿಶನ್

ಈಜಿಂದ ಸೈಕಲ್ಲಿಗೆ, ಸೈಕಲ್ಲಿಂದ ಓಟಕ್ಕೆ ಬದಲಾಗೋದನ್ನ ಟ್ರಾನ್ಸಿಶನ್ ಅಂತಾರೆ. ಇದಕ್ಕೆ ಯಾವ ಪೂಲೂ ಬೇಡ, ಮನೆ ಮುಂದಿನ ಡ್ರೈವ್‌ವೇ ಸಾಕು. ಸೈಕಲ್ ಶೂ ಪೆಡಲ್ಲಿಗೇ ಸಿಕ್ಕಿಸಿಟ್ಟಿರ್ತಾರೆ, ನೆಲಕ್ಕೆ ತಾಗಿ ಉಲ್ಟಾ ಆಗ್ದೇ ಇರ್ಲಿ ಅಂತ ಹಿಮ್ಮಡಿ ಹತ್ರ ಒಂದು ತೆಳು ರಬ್ಬರ್ ಬ್ಯಾಂಡ್ ಹಾಕಿ ಫ್ರೇಮಿಗೆ ಎಳೆದು ಕಟ್ಟೋದು, ಎರಡು ಸಲ ಪೆಡಲ್ ತುಳಿದ್ರೆ ಅದು ಪಟ್ ಅಂತ ಕಿತ್ಕೊಳತ್ತೆ. ತರಕಾರಿ ಕಟ್ಟಿಗೆ ಹಾಕಿರೋ ಬ್ಯಾಂಡೇ ಸಾಕು, ದಪ್ಪದ್ದು ಹಾಕಿದ್ರೆ ಕಿತ್ಕೊಳಲ್ಲ, ಪೆಡಲ್ ಜಗ್ಗತ್ತೆ. ಓಡೋ ಶೂಗೆ ಲೇಸ್ ತೆಗ್ದು ಎಲಾಸ್ಟಿಕ್, ಒಳಗೆ ಸ್ವಲ್ಪ ಬೇಬಿ ಪೌಡರ್, ಒದ್ದೆ ಕಾಲು ಜಾರಿ ಒಳಗೆ ಹೋಗ್ಬೇಕು. ಸಾಕ್ಸ್ ಹಾಕ್ಕೊಳ್ಳೋ ಟೈಮೆಲ್ಲ ಇಲ್ಲ. ಬರಿಗಾಲಲ್ಲಿ ಓಡ್ತಾ ಬಂದು, ಸೈಕಲ್ ಹತ್ತೋ ಗೆರೆ ದಾಟಿದ ಮೇಲೆ ಹಾರಿ ಕೂತು, ವೇಗ ಬಂದ್ಮೇಲೆ ಕಾಲು ಶೂ ಒಳಗೆ ತೂರ್ಸೋದು. ನಮ್ಮ ಅಂಗಳದಲ್ಲಿ ಇದನ್ನ ನೂರಾರು ಸಲ ಮಾಡಿರ್ಬೇಕು, ಎದುರು ಮನೆಯ ಅಜ್ಜಿ ಕಾಫಿ ಹಿಡ್ಕೊಂಡು ನೋಡ್ತಾ ಕೂತಿರ್ತಿದ್ರು.

ಅಷ್ಟಾದ್ರೂ ಮೊದಲ ದೊಡ್ಡ ರೇಸಲ್ಲಿ ಏನಾಯ್ತು ಗೊತ್ತಾ, ಹೆಲ್ಮೆಟ್ ಪಟ್ಟಿ ಹಾಕೋಕೆ ಮುಂಚೆ ಸೈಕಲ್ ಸ್ಟ್ಯಾಂಡಿಂದ ಎತ್ತಿಬಿಟ್ಲು. ಮೊದ್ಲು ಕ್ಲಿಕ್, ಆಮೇಲೆ ಸೈಕಲ್ ಮುಟ್ಟು, ಇದು ನಿಯಮ. ಓಟದ ಮಧ್ಯೆ ಪೆನಾಲ್ಟಿ ಬಾಕ್ಸಲ್ಲಿ 10 ಸೆಕೆಂಡ್ ನಿಲ್ಲಿಸಿದ್ರು, ಆ ಹತ್ತು ಸೆಕೆಂಡಲ್ಲಿ ಆರು ಹುಡುಗೀರು ದಾಟಿದ್ರು, ನಾನು ಎಣಿಸಿದೆ. ಕಾರಲ್ಲಿ ವಾಪಸ್ ಬರೋವಾಗ ಅವಳೂ ಮಾತಾಡ್ಲಿಲ್ಲ ನಾನೂ ಮಾತಾಡ್ಲಿಲ್ಲ, ಮನೇಲಿ ಅವಳಮ್ಮ ಬಿಸಿಬೇಳೆಬಾತ್ ಹಾಕಿಕೊಟ್ಟ ಮೇಲೇ ಬಾಯಿ ಬಿಟ್ಟಿದ್ದು.

ನಾಲ್ಕ್ನೇದು, ಮೆಟ್ಟಿಲು ಹತ್ತೋದು

ವಯಸ್ಸನ್ನ ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟಾಗತ್ತೆ ಅಂತ ಲೆಕ್ಕ ಹಾಕ್ತಾರೆ. ಜೂನಿಯರ್ ಅಂದ್ರೆ 16ರಿಂದ 19, ಅವರಿಗೆ ಸ್ಪ್ರಿಂಟ್ ದೂರ, 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಇದರ ಡಬಲ್ ಒಲಿಂಪಿಕ್ ದೂರ. ಜೂನಿಯರ್‌ಗೂ ಸೀನಿಯರ್‌ಗೂ ನಡುವೆ ಅಂಡರ್ 23 ಅಂತ ಒಂದು ಮೆಟ್ಟಿಲು. ರಾಜ್ಯದ ಜೂನಿಯರ್ ರೇಸುಗಳಲ್ಲಿ ಕಣ್ಣಿಗೆ ಬಿದ್ರೆ ಅಕಾಡೆಮಿ ಸ್ಕ್ವಾಡಿಗೆ ಕರೀತಾರೆ, ಮೇಲಕ್ಕೆ ಹೋದಂಗೆ ನಮ್ಮ ಕ್ವೀನ್ಸ್‌ಲ್ಯಾಂಡ್ ಅಕಾಡೆಮಿ ಆಫ್ ಸ್ಪೋರ್ಟ್ ಥರದ ರಾಜ್ಯ ಸಂಸ್ಥೆಗಳು, ಒಟ್ಟು ನೋಡ್ಕೊಳ್ಳೋದು ದೇಶದ ಟ್ರಯಥ್ಲಾನ್ ಸಂಸ್ಥೆ ಆಸ್‌ಟ್ರಯಥ್ಲಾನ್. ಅಂತಾರಾಷ್ಟ್ರೀಯ ರೇಸಿಗೆ ಬಂದ್ರೆ ಮೊದ್ಲು ಓಷಿಯಾನಿಯಾದ ಕಾಂಟಿನೆಂಟಲ್ ಕಪ್, ಆಮೇಲೆ ವರ್ಲ್ಡ್ ಕಪ್, ತುದೀಲಿ ವರ್ಲ್ಡ್ ಸೀರೀಸ್. ಪಾಯಿಂಟ್ ಇದ್ರೆ ಮುಂದಿನ ರೇಸಲ್ಲಿ ಜಾಗ, ಜಾಗ ಇದ್ರೆ ಪಾಯಿಂಟ್, ರೇಷನ್ ಕಾರ್ಡಿಗೂ ಅಡ್ರೆಸ್ ಪ್ರೂಫಿಗೂ ಇದ್ದಂಗೆ. ಒಲಿಂಪಿಕ್ಸಿಗೆ ಹೆಣ್ಣು 55, ಗಂಡು 55 ಜನ ಅಷ್ಟೇ, ಒಂದು ದೇಶದಿಂದ ಹೆಚ್ಚಂದ್ರೆ ಮೂರು ಮೂರು.

ಆಸ್ಟ್ರೇಲಿಯಾದವರಿಗೆ ಇಲ್ಲೊಂದು ತಾಪತ್ರಯ. ಇಲ್ಲಿ ಬೇಸಿಗೆ ಅಂದ್ರೆ ಡಿಸೆಂಬರಿಂದ ಫೆಬ್ರವರಿ, ದೊಡ್ಡ ರೇಸುಗಳ ಸೀಸನ್ ಯೂರೋಪಿನ ಬೇಸಿಗೇಲಿ. ಇಲ್ಲಿ ಚಳಿಗಾಲ ಶುರುವಾಗೋವಾಗ ಹುಡುಗರು ಸೂಟ್‌ಕೇಸು ಸೈಕಲ್ ಡಬ್ಬಿ ಎಳ್ಕೊಂಡು ಹೊರಡ್ಬೇಕು, ತಿಂಗಳುಗಟ್ಲೆ ಅಲ್ಲೇ ಠಿಕಾಣಿ. ಇಟಲಿಯ ಗವಿರಾತೆ ಅನ್ನೋ ಊರಲ್ಲಿ ಸರೋವರದ ಪಕ್ಕ ಆಸ್ಟ್ರೇಲಿಯಾದ್ದೇ ಒಂದು ಟ್ರೈನಿಂಗ್ ಸೆಂಟರ್ ಇರೋದು ಇದಕ್ಕೇ. ಖರ್ಚು ನೆನೆಸ್ಕೊಂಡ್ರೆ ನನಗೆ ಈಗ್ಲೇ ಬೆವರು ಬರತ್ತೆ. 12ರಿಂದ 18 ವರ್ಷದವರ ಪ್ರಯಾಣಕ್ಕೆ ಕೇಂದ್ರ ಸರ್ಕಾರದ ಲೋಕಲ್ ಸ್ಪೋರ್ಟಿಂಗ್ ಚಾಂಪಿಯನ್ಸ್ ಅನ್ನೋ ಗ್ರ್ಯಾಂಟ್ ಇದೆ, ಅರ್ಜಿ ಹಾಕೋದು ಮರೀಬೇಡಿ.

ಐದ್ನೇದು, ಅವಸರ ಬೇಡ

ಮ್ಯಾಟ್ ಹಾಸರ್ ಕಥೆ ನೋಡಿ. ಕ್ವೀನ್ಸ್‌ಲ್ಯಾಂಡಿನ ಹರ್ವೀ ಬೇ ಹುಡುಗ. 2017ರಲ್ಲಿ ರಾಟರ್‌ಡ್ಯಾಮಲ್ಲಿ ಜೂನಿಯರ್ ವಿಶ್ವ ಚಾಂಪಿಯನ್, ಮಾರನೇ ವರ್ಷ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸಿನ ಮಿಕ್ಸೆಡ್ ರಿಲೇಲಿ, ಅಂದ್ರೆ ಗಂಡು ಹೆಣ್ಣು ಸೇರಿದ ಟೀಮಿನ ರೇಸಲ್ಲಿ, ಚಿನ್ನ. ಎಲ್ರೂ ಇನ್ನೇನು ಮುಗೀತು ಅಂದ್ಕೊಂಡಿದ್ರು. ಸೀನಿಯರ್ ವಿಶ್ವ ಚಾಂಪಿಯನ್ ಆಗಿದ್ದು 2025ರಲ್ಲಿ, ವೊಲೊಂಗಾಂಗ್‌ನಲ್ಲಿ. ಎಂಟು ವರ್ಷ! ಅಷ್ಟು ಪ್ರತಿಭೆ ಇರೋನಿಗೇ ಎಂಟು ವರ್ಷ ಬೇಕಾಯ್ತು ಅಂದ್ಮೇಲೆ ಹದಿನೈದರ ಮಗುವಿಗೆ ಈ ವರ್ಷವೇ ಗೆಲ್ಲು ಅಂತ ಹಿಂದೆ ಬೀಳೋದ್ರಲ್ಲಿ ಏನರ್ಥ?

ಹಾಳಾಗೋದು ಹೆಚ್ಚಾಗಿ ಓಟದಿಂದ್ಲೇ. ಈಜು, ಸೈಕಲ್ ಮೂಳೆ ಮೇಲೆ ಭಾರ ಹಾಕಲ್ಲ, ಓಟ ಹಾಕತ್ತೆ, ಅದಕ್ಕೆ ಓಟದ ಕಿಲೋಮೀಟರನ್ನ ಎಲ್ಲಕ್ಕಿಂತ ನಿಧಾನವಾಗಿ ಏರ್ಸಿ. ಹೆಣ್ಣುಮಕ್ಕಳು ತೂಕ ಇಳಿಸ್ತೀನಿ ಅಂತ ತಟ್ಟೆ ಪಕ್ಕಕ್ಕೆ ತಳ್ಳೋಕೆ ಶುರು ಮಾಡಿದ್ರೆ, ಮುಟ್ಟು ತಪ್ಪಿದ್ರೆ, ಇದೆಲ್ಲ ಟ್ರೈನಿಂಗಲ್ಲಿ ಮಾಮೂಲು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಸೀದಾ ಸ್ಪೋರ್ಟ್ಸ್ ಡಾಕ್ಟರ್ ಹತ್ರ ಹೋಗಿ. ಊಟ ಸಾಲ್ದೆ ಹೋದ್ರೆ ಮೂಳೆ ಬಿರುಕು ಬಿಡತ್ತೆ, ತಿಂಗಳುಗಟ್ಲೆ ಮನೇಲಿ. ಊರಿಂದ ತಂದ ಚೂರ್ಣ, ಲೇಹ್ಯ, ನೆಗಡಿ ಮಾತ್ರೆ ಕೊಡೋಕೆ ಮುಂಚೇನೂ ಯೋಚ್ನೆ ಮಾಡಿ. ಸೂಡೋಎಫೆಡ್ರಿನ್ ಇರೋ ನೆಗಡಿ ಮಾತ್ರೆ ರೇಸ್ ದಿನ ಡೋಪಿಂಗಲ್ಲಿ ಸಿಕ್ಕಿಹಾಕ್ಸತ್ತೆ, ಔಷಧಿ ಹೆಸರು ಹಾಕಿ ಪರೀಕ್ಷೆ ಮಾಡೋಕೆ ಸ್ಪೋರ್ಟ್ ಇಂಟೆಗ್ರಿಟಿ ಆಸ್ಟ್ರೇಲಿಯಾದ ಆ್ಯಪೇ ಇದೆ. ನಮ್ಮಮ್ಮ ಕಳ್ಸಿದ ಕಷಾಯದ ಪುಡಿ ಮಾತ್ರ ಯಾವ ಆ್ಯಪಲ್ಲೂ ಸಿಗ್ಲಿಲ್ಲ, ಅದನ್ನ ನಾನೇ ಕುಡೀತಿದೀನಿ.

ಮುಂದಿನ ವರ್ಷ ಅವಳಿಗೆ ಹದಿನಾರು, ಲರ್ನರ್ ಲೈಸೆನ್ಸ್ ಸಿಗತ್ತೆ. ಇಲ್ಲಿ ಲಾಗ್‌ಬುಕ್ಕಲ್ಲಿ 100 ಗಂಟೆ ಡ್ರೈವಿಂಗ್ ತುಂಬಿಸ್ಬೇಕು, ಅದ್ರಲ್ಲಿ 10 ಗಂಟೆ ರಾತ್ರಿದು, ಬೆಳಗಿನ ಜಾವದ ಕತ್ತಲೂ ಲೆಕ್ಕಕ್ಕೆ ಬರತ್ತೆ, ಪೂಲಿಗೆ ಹೋಗಿಬರೋದ್ರಲ್ಲೇ ಅಷ್ಟೂ ಮುಗೀತದೆ. "ಇನ್ಮೇಲೆ ನಾನೇ ಓಡಿಸ್ತೀನಪ್ಪಾ, ನೀನು ಪಕ್ಕದಲ್ಲಿ ನಿದ್ದೆ ಮಾಡು" ಅಂದ್ಲು. ಪಕ್ಕದಲ್ಲಿ ಕೂತೋರು ಕಣ್ಣು ಮುಚ್ಚೋ ಹಾಗಿಲ್ಲ ಅಂತ ಅವಳಿಗಿನ್ನೂ ಹೇಳಿಲ್ಲ.