ಕುದ್ರಿ ಕ್ಲಬ್ಬಿಗಿ ವಾಲಂಟಿಯರ್ ಮಂದಿ ಹ್ಯಾಂಗ ಹುಡುಕ್ಬೇಕು, ಬಂದೋರ್ನ ಹ್ಯಾಂಗ ಉಳಿಸ್ಕೋಬೇಕು

ನಮ್ದು ಕಲಬುರಗಿ ಊರ ಹೊರಗ ಐದು ಕುದ್ರಿ ಇರೋ ಸಣ್ಣ ಕ್ಲಬ್. ರೊಕ್ಕ ಅಷ್ಟಕ್ಕಷ್ಟೇ, ಪಗಾರದ ಸಾಯಿಸ್ (ಕುದ್ರಿ ನೋಡ್ಕೊಳ್ಳೋ ಆಳು) ಒಬ್ಬರೇ, ಉಳಿದ ಕೆಲ್ಸೆಲ್ಲ ವಾಲಂಟಿಯರ್ ಹುಡುಗ್ರ ಮ್ಯಾಲೇ ನಡೀತದ. ನಾವು ಮಾಡಿದ ತಪ್ಪು ಬ್ಯಾರೇದವ್ರು ಮಾಡಬಾರ್ದು ಅಂತ ಇದು ಬರೀಲಕತ್ತೀನಿ.

ಮೊದಲ್ನೇ ವರ್ಷ ಡಿಗ್ರಿ ಓದೋ ಒಂದು ಹುಡುಗಿ ಬಂದಿತ್ತು. ಐತಾರ ಮುಂಜಾನಿ ಆರಕ್ಕ ಬಸ್ ಇಳದು ಅರ್ಧ ತಾಸು ನಡಕೊಂತ ಬರ್ತಿತ್ತು, ಬಂದು ಗೇಟಿನ ಹತ್ರ ಖಾಲಿ ಬಕೆಟ್ ಹಿಡ್ಕೊಂಡು ನಿಂದ್ರೋದು. ನಾವೆಲ್ಲ ನಮ್ಮ ನಮ್ಮ ಗಡಬಡಿಯಾಗ, ಯಾರೂ ಏನೂ ಹೇಳ್ಲಿಲ್ಲ, ಮೂರ್ನೇ ವಾರ ಯಾರೋ ಲದ್ದಿ ತಗಿ ಅಂದ್ರು, ಐದೂ ಕುದ್ರಿ ಲಾಯ ಒಬ್ಬಾಕೀನೇ ಸ್ವಚ್ಛ ಮಾಡಿ ಹೋತು, ನಾಕ್ನೇ ವಾರ ಬರ್ಲಿಲ್ಲ. ಲದ್ದಿಗಿ ಹೇಸಿ ಬಿಟ್ಲು ಅಂದ್ಕೊಂಡೆ ನಾ. ಆಮ್ಯಾಲ ಮಾರ್ಕೆಟ್‌ದಾಗ ಸಿಕ್ಕಾಗ ಕೇಳ್ದೆ, ಅಕಿ ಅಂದ್ಲು, "ಅಣ್ಣಾ, ಲದ್ದಿದೇನಿಲ್ರಿ, ಮೂರು ವಾರ ಬಂದ್ರೂ ನಿಮಗ ಯಾರಿಗೂ ನನ್ನ ಹೆಸರು ಗೊತ್ತಿರ್ಲಿಲ್ಲ, ಒಂದು ಕುದ್ರಿ ಮೈ ಮುಟ್ಲಕ ಸೈತ ಆಗ್ಲಿಲ್ಲ." ಖರೇ ಅದ. ಬರೋ ಮಂದಿ ಕುದ್ರಿ ಸಲುವಾಗಿ ಬರ್ತಾರ, ಕ್ಲಬ್ ಸಲುವಾಗಿ ಅಲ್ಲ. ಮೊದಲ್ನೇ ದಿನಾನೇ ಹೆಸರು ಕೇಳಿ, ಹದಿನೈದು ನಿಮಿಷ ಆದ್ರೂ ಖರಾರಾ (ಕುದ್ರಿ ಮೈ ಉಜ್ಜೋ ಬ್ರಷ್) ಕೈಯಾಗ ಕೊಟ್ಟು ಒಂದು ಕುದ್ರಿ ಮುಂದ ನಿಂದ್ರಸ್ರಿ, ಲದ್ದಿ ಆಮ್ಯಾಲ ಅವ್ರೇ ತಗೀತಾರ.

ಹುಡುಕೋ ಮಾತಿಗಿ ಬರ್ತೀನಿ. "ವಾಲಂಟಿಯರ್ ಬೇಕಾಗ್ಯಾರ" ಅಂತ ಸ್ಟೇಟಸ್ ಹಾಕಿದ್ರ ರೀಲ್ ಮಾಡೋರು ಬರ್ತಾರ. ನಮ್ಮಲ್ಲಿ ಒಮ್ಮೆ ಹಿಂಗೇ ಹಾಕಿ ಅಂಗಳ ತುಂಬ ಬೈಕ್ ನಿಂತಿದ್ವು, ಮುಂದಿನ ವಾರ ಉಳಿದೋರು ಇಬ್ರು. ಅದಕ್ಕ ಕೆಲ್ಸ ಇಷ್ಟೇ ಅಂತ ಬಿಚ್ಚಿ ಹೇಳ್ರಿ: ಮಂಗಳಾರ, ಶುಕ್ರಾರ ಮುಂಜಾನಿ 6ರಿಂದ 8, ಎರಡು ಕುದ್ರಿಗಿ ಖರಾರಾ ಹೊಡ್ಯೋದು, ನೀರಿನ ತೊಟ್ಟಿ ತೊಳದು ತುಂಬಿಸೋದು, ಮುಗೀತು. ಎರಡು ತಾಸು ಅಂದ್ರ ಹೂಂ ಅಂತಾರ, "ಟೈಮ್ ಸಿಕ್ಕಾಗ ಬರ್ರಿ" ಅಂದ್ರ ಯಾರಿಗೂ ಟೈಮ್ ಸಿಗಂಗಿಲ್ಲ.

ಕಾಲೇಜಿನ ಎನ್‌ಎಸ್‌ಎಸ್ ಹುಡುಗ್ರಿಗಿ ಎರಡು ವರ್ಷದಾಗ 240 ತಾಸು ಸೇವಾ ಆಗ್ಬೇಕಿರ್ತದ, ಅದಕ್ಕ ಸೀದಾ ಪ್ರೋಗ್ರಾಂ ಆಫೀಸರ್ ಕಡಿ ಹೋಗಿ ನಮ್ಮಲ್ಲಿ ಮಾಡೋ ಕೆಲ್ಸ ಲೆಕ್ಕಕ್ಕ ಹಿಡೀತೀರಿ ಏನ್ರಿ ಸರ್ ಅಂತ ಮೊದಲೇ ಕೇಳ್ರಿ. ಬೀದರಿನವ್ರು ನಮಗಿಂತ ನಸೀಬ್‌ವಾನರು, ಅಲ್ಲಿ ನಂದಿನಗರದಾಗ ಪಶು ವೈದ್ಯಕೀಯ ವಿಶ್ವವಿದ್ಯಾಲಯಾನೇ ಅದ, ಡಾಕ್ಟರ್ಕಿ ಓದೋ ಹುಡುಗ್ರು ಕುದ್ರಿ ಹತ್ರ ಬರ್ಲಕ ಖುಷಿ ಪಡ್ತಾರ, ಪರೀಕ್ಷಾ ಬಂತಂದ್ರ ಮಾತ್ರ ಒಬ್ರೂ ಸಿಗಂಗಿಲ್ಲ.

ಆದ್ರ ನನಗ ಕೇಳಿದ್ರ ಎಲ್ಲಕ್ಕಿಂತ ಮೊದಲು ಹಳೇ ಟಾಂಗಾದವ್ರ ಮನಿ ಹುಡುಕ್ರಿ, ಲಗ್ನದ ಮೆರವಣಿಗಿಗಿ ಕುದ್ರಿ ಬಿಡೋರ್ನ ಕೇಳ್ರಿ. ನಮ್ಮಲ್ಲಿ ಒಬ್ರು ಚಾಚಾ ಬರ್ತಾರ, ಟಾಂಗಾ ಬಿಟ್ಟು ಯಾವ ಕಾಲ ಆತೋ, ಆದ್ರ ಕುದ್ರಿ ಕಿವಿ ನೋಡಿ "ಇವತ್ತು ಇದರ ಗೊಡವಿಗಿ ಹೋಗಬ್ಯಾಡ್ರಿ" ಅಂತಾರ, ಮಾತು ಹುಸಿ ಹೋಗಂಗಿಲ್ಲ. ಅವ್ರು ಹೇಳೋ ಕೆಲವು ಔಷಧ ಡಾಕ್ಟರಿಗಿ ಒಪ್ಪಂಗಿಲ್ಲ ಖರೇ, ಅದು ಹುಡುಗ್ರ ಮುಂದ ಅನ್ನಬ್ಯಾಡ್ರಿ, ಚಹಾ ಕುಡಿಯಾಗ ಒಬ್ರಿಗೇ ಹೇಳ್ರಿ. ಈ ನೆಲಕ್ಕ ಕುದ್ರಿ ಹೊಸದೇನಲ್ಲ ನೋಡ್ರಿ, ಹದಿನೈದನೇ ಶತಮಾನದಾಗ ನಿಕಿಟಿನ್ ಅಂತ ರಷ್ಯಾದ ವ್ಯಾಪಾರಿ ಬೀದರಿಗಿ ಬಂದವ ಆಳಂದ ಜಾತ್ರ್ಯಾಗ 20,000 ಕುದ್ರಿ ತನಕ ಮಾರ್ಲಕ ಬರ್ತಾವ ಅಂತ ಬರದಿಟ್ಟಾನ. ಈಗ ಐದು ಕುದ್ರಿಗಿ ಮಂದಿ ಹುಡುಕ್ಲಕತ್ತೀವಿ ನಾವು!

ಮೊದಲ್ನೇ ದಿನದ ಪಾಠ ತಪ್ಪಸಬ್ಯಾಡ್ರಿ, ಎಂಥಾ ಧೈರ್ಯವಂತ ಬಂದ್ರೂ. ಬೂಟು ಇಲ್ದ ಲಾಯದಾಗ ಕಾಲಿಡಂಗಿಲ್ಲ, ಟೆಟನಸ್ ಇಂಜೆಕ್ಷನ್ ಆಗಿರ್ಬೇಕು, ಹದಿನೆಂಟರೊಳಗಿನವ್ರು ಇದ್ರ ಅವ್ವ-ಅಪ್ಪನ ಚೀಟಿ ಬೇಕು. ಕುದ್ರಿ ಹತ್ರ ಮಾತಾಡ್ಕೊಂತ ಎಡಗಡಿ ಹೆಗಲಿನ ಕಡಿಂದ ಹೋಗ್ಬೇಕು, ಸೀದಾ ಹಿಂದ ನಿಂತ್ರ ಅದಕ್ಕ ಕಾಣಂಗಿಲ್ಲ, ಹೆದರಿ ಒದೀತದ. ಹಗ್ಗ ಕೈಗಿ ಸುತ್ಕೋಬಾರ್ದು. ಇದೊಂದು ನಾ ಹತ್ತು ಸಲ ಹೇಳ್ತೀನಿ, ಯಾಕಂದ್ರ ನಮ್ಮ ಒಬ್ಬ ಹುಡುಗ ಹಿಂಗೇ ಸುತ್ಕೊಂಡು ನಿಂತಿದ್ದ, ರಸ್ತೆದಾಗ ಡಿಜೆ ಗಾಡಿ ಹಾದು ಹೋತು, ಕುದ್ರಿ ಜಿಗೀತು, ಎರಡು ಬಟ್ಟಿನ ಚರ್ಮ ಕಿತ್ತು ಬಂತು. ತಪ್ಪು ಅವಂದಲ್ಲ, ಹೇಳ್ದೇ ಬಿಟ್ಟ ನಮ್ದು. ಅವತ್ತಿನಿಂದ ಹದಿನೆಂಟು ತುಂಬಿದ ಎಲ್ರಿಗೂ ಬ್ಯಾಂಕಿನ್ಯಾಗ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಸ್ತೀವಿ, ವರ್ಷಕ್ಕ 20 ರೂಪಾಯಿ, ಅಪಘಾತದಾಗ ಜೀವ ಹೋದ್ರ 2 ಲಕ್ಷ ಬರ್ತದ, ದವಾಖಾನಿ ಖರ್ಚು ಮಾತ್ರ ಅದರಾಗ ಇಲ್ಲ, ಅದಕ್ಕ ಕ್ಲಬ್ಬಿನ ಡಬ್ಬ್ಯಾಗ ಬ್ಯಾರೆ ರೊಕ್ಕ ಇಡ್ರಿ.

ಇನ್ನೊಂದು, ಪ್ರೀತಿಲೇ ತಿನಿಸೋ ಮಂದಿ. ಹೊಲದಿಂದ ಬರೋ ಹುಡುಗ ಒಬ್ಬ ಹಸೀ ಜ್ವಾಳದ ದಂಟು ಕಟ್ಟು ಕಟ್ಕೊಂಡು ತಂದ, ಮುಖ ನೋಡಿದ್ರ ಬೈಲಕ ಮನಸ್ಸು ಬರ್ಲಿಲ್ಲ. ಎಳೀ ಜ್ವಾಳದಾಗ ವಿಷ ಇರ್ತದ ಅಂತ ಎತ್ತು ಸಾಕಿದವ್ರಿಗಿ ಗೊತ್ತೇ ಅದ, ಕುದ್ರಿಗಂತೂ ಹಸೀ ಜ್ವಾಳ ದಿನಾ ತಿನಿಸಿದ್ರ ಹಿಂದಿನ ಕಾಲು ಸೋಲ್ತಾವ, ಉಚ್ಚಿ ಚೀಲ ಕೆಡ್ತದ. ಮ್ಯಾಲ ಕುದ್ರಿಗಿ ವಾಂತಿ ಮಾಡ್ಕೊಳ್ಳಕ ಬರಂಗಿಲ್ಲ, ತಿಂದಿದ್ದು ತಪ್ಪಿದ್ರ ಹೊಟ್ಟಿಬ್ಯಾನಿ ಎದ್ದು ಜೀವಕ್ಕೇ ಬರ್ತದ. "ಏನ್ ತಂದ್ರೂ ಮೊದಲು ಸಾಯಿಸ್ ಕೈಗಿ" ಅಂತ ಗ್ವಾಡಿ ಮ್ಯಾಲ ದೊಡ್ಡದಾಗಿ ಬರಸ್ರಿ.

ಬಂದೋರು ಉಳೀಬೇಕಂದ್ರ ಒಬ್ಬೊಬ್ರಿಗಿ ಒಂದೊಂದು ಕುದ್ರಿ ಹಚ್ರಿ. ರಾಣಿ ಅನ್ನೋ ನಮ್ಮ ಹೆಣ್ಗುದ್ರಿ ಒಬ್ಬ ಡಿಪ್ಲೊಮಾ ಹುಡುಗನ ಪಾಲಿಗಿ ಬಂದ ಮ್ಯಾಲ, ನಾಲ್‌ಬಂದ್ (ಲಾಳ ಹೊಡ್ಯೋವ) ಬಂದು ಗೊರಸು ಕೆತ್ತಿ ಆರು ವಾರ ಆತ್ರಿ ಅಂತ ಅವನೇ ನೆಪ್ಪ ಮಾಡ್ತಾನ, ನಾ ಮರ್ತಿರ್ತೀನಿ. ಸವಾರಿ ಲೆಕ್ಕ ಬುಕ್ಕಿನ್ಯಾಗ ಬರೀರಿ: ನಾಕು ಪಾಳಿ ಕೆಲ್ಸಕ್ಕ ಅರ್ಧ ತಾಸು ಸವಾರಿ. ಕೊಡ್ತೀನಂದು "ಇವತ್ತು ಗೆಸ್ಟ್ ಬಂದಾರ, ಮುಂದಿನ ವಾರ" ಅಂತ ಎರಡು ಸಲ ಅಂದ್ರಿ ಅಂದ್ರ ಆ ಹುಡುಗ ಹೋದ ಅಂತ ತಿಳ್ಕೋರಿ. ಯಾರು ಬರೋದಿಲ್ಲೋ ಅವ್ರ ಪಾಳಿ ಬಂದೋರ ತಲಿಗಿ ಕಟ್ಟೋದೂ ಹಂಗೇ, ಛಲೋ ಮಂದಿ ಸುಮ್ನ ಮಾಡ್ತಾರ, ಒಂದಿನ ಸುಮ್ನ ಬಿಡ್ತಾರ. ವಾಲಂಟಿಯರ್ ಬಂದಾರಂತ ಸಾಯಿಸ್ ಪಗಾರ ಕಡಿಮಿ ಮಾಡೋ ಐಡಿಯಾ ನಮ್ಮ ಮೀಟಿಂಗ್‌ದಾಗೂ ಒಬ್ರು ತಂದಿದ್ರು, ಅದನ್ನ ಅಲ್ಲೇ ಹುಗದ್ವಿ.

ನಮ್ಮ ಕಡಿ ಕಾಲನೂ ನೋಡ್ಬೇಕು. ಏಪ್ರಿಲ್, ಮೇದಾಗ ಬಿಸಿಲು 42 ದಾಟ್ತದ, ನಸುಕಿನ್ಯಾಗ ಐದೂವರಿಗಿ ಶುರು ಮಾಡಿ ಎಂಟರೊಳಗ ಮುಗಸ್ರಿ. ತೊಗರಿ ರಾಶಿ ಟೈಮಿನ್ಯಾಗ ಹಳ್ಳಿ ಹುಡುಗ್ರು ಬರಂಗಿಲ್ಲ, ಮಾರ್ಚ್‌ದಾಗ ಪಿಯುಸಿಯವ್ರು ಬರಂಗಿಲ್ಲ, ಅದಕ್ಕ ಸಿಟ್ಟಾಗಬ್ಯಾಡ್ರಿ, ಮೊದಲೇ ಚಾರ್ಟ್ ಹಾಕ್ರಿ.

ಥ್ಯಾಂಕ್ಸ್ ಹೇಳೋದಂದ್ರ ಶಾಲು ಹೊಚ್ಚಿ ಫೋಟೋ ತಗಿಯೋದಲ್ಲ, ಶಾಲು ಯಾರೂ ಹೊಚ್ಕೊಳ್ಳಂಗಿಲ್ಲ. ಕೆಲ್ಸ ಮುಗದ ಕೂಡ್ಲೇ ಬಿಸಿ ಚಹಾ, ಸುಸಲಾ-ಮಿರ್ಚಿ, ದೂರದಿಂದ ಬರೋರಿಗಿ ಆಟೋ ರೊಕ್ಕ ಕೇಳೋಕಿಂತ ಮೊದಲೇ. ಹೋದ ವರ್ಷ ಎಳ್ಳ ಅಮಾಸಿಗಿ ಎಲ್ರ ಮನ್ಯಾಗಿನವ್ರಿಗೂ ಹೊಲಕ್ಕ ಕರದಿದ್ವಿ, ಭಜ್ಜಿ, ಸಜ್ಜಿ ರೊಟ್ಟಿ ಉಂಡ್ರು. ಒಬ್ಬ ಹುಡುಗನ ಅಪ್ಪ, ಇಷ್ಟು ದಿನ "ಕುದ್ರಿ ಹಿಂದ ಅಡ್ಡಾಡಿ ಹಾಳಾಗ್ಲಕತ್ತಾನ" ಅಂತಿದ್ದವ್ರು, ಮಗ ರಾಣಿ ಕಾಲೆತ್ತಿ ಗೊರಸಿನ್ಯಾಗಿನ ಸಣ್ಣ ಕಲ್ಲು ತಗಿಯೋದು ನಿಂತು ನೋಡಿದ್ರು. ಏನೂ ಅನ್ಲಿಲ್ಲ, ಹೋಗಾಗ ಲಾಯಕ್ಕ ಒಂದು ಫ್ಯಾನ್ ಕೊಡಿಸ್ತೀನಿ ಅಂದ್ರು.

ನೌಕರಿ ಸಿಕ್ಕು ಹೈದರಾಬಾದಿಗೋ ಬೆಂಗಳೂರಿಗೋ ಹೋದೋರ್ನ ವಾಟ್ಸಾಪ್ ಗ್ರೂಪಿನಿಂದ ತಗಿಯಬ್ಯಾಡ್ರಿ, ಅವ್ರ ಕುದ್ರಿ ಫೋಟೋ ಆಗಾಗ ಹಾಕ್ರಿ. ದೀಪಾವಳಿ ಸೂಟಿಗಿ ಬಂದವ ಬ್ಯಾಗ್ ಹೆಗಲ ಮ್ಯಾಲಿದ್ದಂಗೇ ಲಾಯಕ್ಕ ಬರ್ತಾನ. ಆವಾಗ ಚಹಾ ಕುಡಿ ಅನಬ್ಯಾಡ್ರಿ, ಖರಾರಾ ಎಲ್ಲದ ಅಂತ ತೋರಸ್ರಿ.